ಸಿಟ್ಟು ಬೇಡ ಎಂದ ಸೆನೆಕ ‘ಮೆಡಿಯಾ’ ನಾಟಕ ಯಾಕೆ ಬರೆದ?

ಓದುಗರ ಪ್ರಶ್ನೆ: ಸೆನೆಕ ಪ್ರಾಚೀನ ರೋಮಿನ ತತ್ವಜ್ಞಾನಿ, ವಿವೇಕದಿಂದ ಬದುಕಬೇಕು ಎನ್ನುವ ಸ್ಟೋಯಿಕ್ ಪಂಥದವನು. ಮನಸ್ಸನ್ನು ಹತೋಟಿಯಲ್ಲಿಡಿ ಎಂದು ಹೇಳಿದವನು. ಅವನ ನಾಟಕಗಳಲ್ಲಿ ನೋಡಿದರೆ ಬರೀ ಸೇಡು, ಕೊಲೆ. ಎರಡನ್ನೂ ಬರೆದವನು ಒಬ್ಬನೇನಾ?

ಒಬ್ಬನೇ. ಈ ಅನುಮಾನ ಹಳೆಯದು. ತತ್ವಜ್ಞಾನಿ ಸೆನೆಕ ಬೇರೆ, ನಾಟಕಕಾರ ಸೆನೆಕ ಬೇರೆ ಎಂದು ನಂಬಿದವರೂ ಹಿಂದೆ ಇದ್ದರು. ಆದರೆ ಅವನ ಗದ್ಯವನ್ನೂ ನಾಟಕವನ್ನೂ ಜೊತೆಗಿಟ್ಟು ಓದಿದರೆ ಅದೇ ಮನಸ್ಸು ಎರಡರಲ್ಲೂ ಕಾಣುತ್ತದೆ.

ಸಿಟ್ಟಿನ ಬಗ್ಗೆ ಅವನು ತನ್ನ ಅಣ್ಣ ನೊವಾಟಸ್‌ಗೆಂದು ಮೂರು ಭಾಗಗಳ ಪುಸ್ತಕ ಬರೆದ. ಸಿಟ್ಟು ಮೂರು ಹೆಜ್ಜೆಯಲ್ಲಿ ಬರುತ್ತದೆ ಎನ್ನುತ್ತಾನೆ. ಅವಮಾನವಾದಾಗ ಮೈ ಬಿಸಿಯಾಗುವುದು ಮೊದಲನೆಯದು. ಅದು ನಮ್ಮ ಕೈಯಲ್ಲಿಲ್ಲ. ‘ನನಗೆ ಅನ್ಯಾಯ ಆಗಿದೆ, ಸೇಡು ತೀರಿಸಿಕೊಳ್ಳಬೇಕು’ ಎಂಬ ಯೋಚನೆಗೆ ಮನಸ್ಸು ಹೂಂ ಅನ್ನುವುದು ಎರಡನೆಯದು. ಮೂರನೆಯದರಲ್ಲಿ ಸರಿ ತಪ್ಪಿನ ಮಾತೇ ಇಲ್ಲ, ಸೇಡು ಆಗಲೇಬೇಕು, ಅಷ್ಟೆ. ತಡೆಯುವುದಿದ್ದರೆ ಅದಕ್ಕೂ ಮೊದಲೇ ತಡೆಯಬೇಕು.

ಈಗ ಅವನ ನಾಟಕದ ನಾಯಕಿ ಮೆಡಿಯಾಳನ್ನು ನೋಡಿ. ಗಂಡ ಜೇಸನ್ ಅವಳನ್ನು ಬಿಟ್ಟು ಗ್ರೀಸಿನ ಕೊರಿಂಥದ ರಾಜನ ಮಗಳನ್ನು ಮದುವೆಯಾಗುತ್ತಾನೆ. ಅವಳ ಕೆಂಪೇರಿದ ಮುಖ, ಏದುಸಿರು, ಅಳುತ್ತಲೇ ನಗುವುದು, ಎಲ್ಲವನ್ನೂ ದಾದಿ ಒಂದೊಂದಾಗಿ ಹೇಳುತ್ತಾಳೆ. ಸಿಟ್ಟಿನ ಪುಸ್ತಕದ ಶುರುವಿನಲ್ಲೂ ಸಿಟ್ಟುಗೊಂಡವನ ಚಿತ್ರ ಹೆಚ್ಚು ಕಡಿಮೆ ಹೀಗೇ ಇದೆ. ಸಿಟ್ಟು ಬಂದಾಗ ಕನ್ನಡಿ ನೋಡಿಕೊಂಡು ಕೆಲವರು ಸುಧಾರಿಸಿದ್ದುಂಟು ಎಂಬ ಮಾತನ್ನೂ ಅದೇ ಪುಸ್ತಕದಲ್ಲಿ ನೆನೆಯುತ್ತಾನೆ.

ಜೇಸನ್ ಮೇಲಿನ ಸೇಡಿಗೆ ತನ್ನದೇ ಮಕ್ಕಳನ್ನು ಕೊಲ್ಲುವ ಮುಂಚಿನ ಅವಳ ಉದ್ದದ ಮಾತಂತೂ ಓದಲೇಬೇಕಾದದ್ದು. ಅವಳ ಮೈ ನಡುಗುತ್ತದೆ. ಸಿಟ್ಟು ಇಳಿಯುತ್ತದೆ, ಅವಳೊಳಗಿನ ತಾಯಿ ಮರಳುತ್ತಾಳೆ. ಮಕ್ಕಳನ್ನು ತಬ್ಬಿಕೊಳ್ಳಲು ಕರೆಯುತ್ತಾಳೆ. ಮತ್ತೆ ನೋವು ಉಕ್ಕುತ್ತದೆ. ಕೊನೆಗೆ ಸಿಟ್ಟಿಗೇ ಹೇಳುತ್ತಾಳೆ: ನೀನು ಕರೆದೊಯ್ದಲ್ಲಿಗೆ ಬರುತ್ತೇನೆ. ಆ ‘ಹೂಂ’ ಅಂದರೆ ಇದೇ, ಅಲ್ವಾ? ಅವಳನ್ನು ಯಾವ ವಿಧಿಯೂ ತಳ್ಳಲಿಲ್ಲ. ಅವಳೇ ಒಪ್ಪಿದಳು.

ಹಾಗಂತ ಇವು ಸುಮ್ನೆ ನೀತಿಪಾಠ ಅಲ್ಲ. ಮೆಡಿಯಾಗೆ ಶಿಕ್ಷೆಯಾಗುವುದಿಲ್ಲ. ಹಾವುಗಳು ಎಳೆಯುವ ರಥದಲ್ಲಿ ಹಾರಿಹೋಗುತ್ತಾಳೆ. ನೀನು ಹೋಗುವ ದಾರಿಯಲ್ಲಿ ದೇವರುಗಳೇ ಇಲ್ಲ ಎಂದು ಜೇಸನ್ ಕೂಗುವುದೇ ನಾಟಕದ ಕೊನೆಯ ಮಾತು. ಲೋಕವನ್ನು ವಿವೇಕವುಳ್ಳ ದೈವ ನಡೆಸುತ್ತದೆ ಎನ್ನುವುದು ಸ್ಟೋಯಿಕರ ನಂಬಿಕೆ. ಅಂಥವನೊಬ್ಬ ತನ್ನ ನಂಬಿಕೆಗೇ ಇಷ್ಟು ಗಟ್ಟಿ ಎದುರುಮಾತು ಬರೆದ. ನನಗೆ ಅವನು ದೊಡ್ಡ ನಾಟಕಕಾರ ಅನ್ನಿಸುವುದು ಇದಕ್ಕೇ.

ತಿಳಿದ ಮಾತ್ರಕ್ಕೆ ಮನಸ್ಸು ಹಿಡಿತಕ್ಕೆ ಬರುವುದಿಲ್ಲ ಎನ್ನುವುದೂ ಅವನಿಗೆ ಗೊತ್ತಿತ್ತು. ಅವನ ಇನ್ನೊಂದು ನಾಟಕದಲ್ಲಿ ಮಲಮಗನನ್ನು ಬಯಸುವ ಫೀಡ್ರಾ ತನ್ನ ದಾದಿಗೆ, ನೀನು ಹೇಳುವುದು ನಿಜ, ಆದರೆ ಈ ಹುಚ್ಚು ನನ್ನನ್ನು ಕೆಟ್ಟದ್ದರ ಕಡೆಗೇ ಎಳೆಯುತ್ತಿದೆ ಎನ್ನುತ್ತಾಳೆ. ಅವನ ಬದುಕಿನಲ್ಲೂ ಹಾಗೇ ಆಯಿತು. ಅವನ ಶಿಷ್ಯ ರೋಮ್ ಚಕ್ರವರ್ತಿ ನೀರೋ. ಅವನಿಗೆಂದು ಸೆನೆಕ ಕರುಣೆಯ ಬಗ್ಗೆಯೇ ಒಂದು ಪುಸ್ತಕ ಬರೆದ. ಕ್ರಿ.ಶ. 59ರಲ್ಲಿ ನೀರೋ ಹೆತ್ತ ತಾಯಿಯನ್ನು ಕೊಲ್ಲಿಸಿದ. 65ರಲ್ಲಿ ಪ್ರಾಣ ಬಿಡುವಂತೆ ಗುರುವಿಗೂ ಆಜ್ಞೆ ಕಳಿಸಿದ.

ಹೊಸದಾಗಿ ಓದುವವರು ‘ಮೆಡಿಯಾ’ದಿಂದ ಶುರು ಮಾಡಿ. ಆಮೇಲೆ ‘ಥೈಯೆಸ್ಟೀಸ್’. ಅದರಲ್ಲಿ ಅಣ್ಣನೊಬ್ಬ ತಮ್ಮನಿಗೆ ಅವನ ಮಕ್ಕಳ ಮಾಂಸವನ್ನೇ ಬಡಿಸುತ್ತಾನೆ. ಅದೇ ನಾಟಕದ ಮೇಳ, ಆಸೆ ಮತ್ತು ಭಯವನ್ನು ಬಿಟ್ಟವನೇ ನಿಜವಾದ ರಾಜ ಎಂದು ಹಾಡುತ್ತದೆ.