ಬಿಪಿಟಿ ಮುಗೀತು, ಮೈದಾನದ ಕೆಲಸ ಬೇಕು: ಮುಂದೆ ಏನು ಓದಲಿ?

ಪ್ರಶ್ನೆ: ತುಮಕೂರಿನಲ್ಲಿ ಬಿಪಿಟಿ (ಫಿಸಿಯೋಥೆರಪಿ ಪದವಿ) ಮುಗಿಸಿ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಬೆಳಗ್ಗೆಯಿಂದ ಸಂಜೆವರೆಗೆ ಸೊಂಟನೋವು, ಕುತ್ತಿಗೆನೋವು ನೋಡುವುದೇ ಆಗಿದೆ. ನನಗೆ ಆಟಗಾರರ ಜೊತೆ ಕೆಲಸ ಮಾಡುವ ಆಸೆ. ಎಂಪಿಟಿ (ಫಿಸಿಯೋಥೆರಪಿ ಸ್ನಾತಕೋತ್ತರ ಪದವಿ) ಸ್ಪೋರ್ಟ್ಸ್ ಮಾಡಲಾ, ಎಂಎಸ್‌ಸಿ ಸ್ಪೋರ್ಟ್ಸ್ ಸೈನ್ಸ್ ಮಾಡಲಾ, ಇಲ್ಲಾ ಸಾಲ ಮಾಡಿ ಅಮೆರಿಕದಲ್ಲಿ ಅಥ್ಲೆಟಿಕ್ ಟ್ರೇನಿಂಗ್ ಓದಲಾ? "ಟ್ರೇನರ್ ಆಗೋಕೆ ಇಷ್ಟೊಂದು ದುಡ್ಡು ಯಾಕೆ?" ಅಂತ ಅಪ್ಪ ಕೇಳುತ್ತಾರೆ.

ಉತ್ತರ: ಮೊದಲು ನಿಮ್ಮ ತಂದೆಯವರ ಪ್ರಶ್ನೆ. ಅಥ್ಲೆಟಿಕ್ ಟ್ರೇನರ್ ಅಂದರೆ ಜಿಮ್‌ನಲ್ಲಿ ಡಂಬೆಲ್ ಎತ್ತಿಸುವವರಲ್ಲ. ಗಾಯ ಆಗದಂತೆ ನೋಡಿಕೊಳ್ಳುವುದು, ಆದ ಕ್ಷಣ ಮೈದಾನದಲ್ಲೇ ಪರೀಕ್ಷಿಸುವುದು, ಆಟಗಾರ ಮತ್ತೆ ಕಣಕ್ಕಿಳಿಯುವವರೆಗೆ ಜೊತೆಗಿರುವುದು ಅವರ ಕೆಲಸ. ಅಮೆರಿಕದ ವೈದ್ಯರ ಸಂಘ 1990ರಲ್ಲೇ ಇದನ್ನು ಆರೋಗ್ಯ ಕ್ಷೇತ್ರದ ವೃತ್ತಿ ಎಂದು ಒಪ್ಪಿಕೊಂಡಿದೆ. ಇದನ್ನು ಅವರಿಗೆ ಹೇಳಿ. ಹೆಸರಿನಿಂದಾಗಿ ತುಂಬಾ ಮನೆಗಳಲ್ಲಿ ಈ ಗೊಂದಲ ಇದೆ.

ನಾನು ಕೋಲಾರದ ಕಡೆ ಫಿಸಿಯೋ. ಕೆಲವು ವರ್ಷಗಳ ಹಿಂದೆ ನಮ್ಮ ಹತ್ತಿರದ ಹಳ್ಳಿಯೊಂದರಲ್ಲಿ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆದಿತ್ತು. ನಾನು ಸುಮ್ನೆ ನೋಡಲು ಹೋಗಿದ್ದೆ. ಒಬ್ಬ ರೈಡರ್ ತಿರುಗುವಾಗ ಯಾರೂ ಮುಟ್ಟದೆಯೇ ಮಂಡಿ ತಿರುಚಿ ಬಿದ್ದ. 'ಟಪ್' ಅಂತ ಸದ್ದು ಬಂತು ಅಂತ ಅವನೇ ಹೇಳಿದ. ಸ್ಪ್ರೇ ಹೊಡೆದರು, ಬಟ್ಟೆ ಬಿಗಿದರು, ಐದು ನಿಮಿಷದಲ್ಲಿ ಮತ್ತೆ ಒಳಗೆ ಕಳಿಸಿದರು. ಎರಡನೇ ಸಲ ಬಿದ್ದಾಗ ಹೊತ್ತುಕೊಂಡೇ ಬರಬೇಕಾಯಿತು. ಮನೆಯವರು ಉಳುಕಿದೆ ಅಂದುಕೊಂಡು ನಾಟಿ ವೈದ್ಯರ ಪುತ್ತೂರು ಕಟ್ಟು ಹಾಕಿಸಿದರು. ಆದರೆ ಒಳಗೆ ಹರಿದಿದ್ದು ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್. ಅದು ಗೊತ್ತಾಗುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. ಆವತ್ತು ಎದ್ದು ಹೋಗಿ 'ಆಡಿಸಬೇಡಿ' ಅನ್ನುವ ಧೈರ್ಯ ನನಗೂ ಬರಲಿಲ್ಲ. ಆ ಬೇಸರ ಇವತ್ತಿಗೂ ಇದೆ.

ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲೇ. ಆ ಹುಡುಗ ಬಿದ್ದಾಗ ನೀವು ಎಲ್ಲಿರಲು ಬಯಸುತ್ತೀರಿ? ಅಂಕಣದ ಗೆರೆಯ ಪಕ್ಕದಲ್ಲೋ, ಆಪರೇಷನ್ ಆದ ಮೇಲೆ ಅವನು ಬರುವ ಕ್ಲಿನಿಕ್ಕಿನಲ್ಲೋ, ಅವನು ಬೀಳುವ ಮೊದಲೇ ಜಿಗಿತ, ಓಟ ಅಳೆದು ಎಚ್ಚರಿಸುವ ಲ್ಯಾಬಿನಲ್ಲೋ?

ಕ್ಲಿನಿಕ್ ಅಂದರೆ ಎಂಪಿಟಿ. ಎರಡು ವರ್ಷದ ಕೋರ್ಸ್. ನಮ್ಮ ಜಿಲ್ಲೆಗಳಲ್ಲೇ ಇರುತ್ತೇನೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ನೀವು ಚಿಕಿತ್ಸೆ ಕೊಡುವ ವೃತ್ತಿಯಲ್ಲೇ ಇರುತ್ತೀರಿ, ಅದರಲ್ಲೇ ಆಳಕ್ಕಿಳಿಯುತ್ತೀರಿ. ಎಸಿಎಲ್ ವಿಷಯವನ್ನೇ ತೆಗೆದುಕೊಳ್ಳಿ. 'ಆರು ತಿಂಗಳಾಯ್ತಲ್ಲಾ, ಆಡಬಹುದಾ?' ಅಂತ ಪ್ರತಿಯೊಬ್ಬ ಆಟಗಾರನೂ ಕೇಳುತ್ತಾನೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆಪರೇಷನ್ ಆಗಿ ಒಂಬತ್ತು ತಿಂಗಳಾಗುವವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದರೆ, ಮುಂದೂಡಿದ ಒಂದೊಂದು ತಿಂಗಳಿಗೂ ಮತ್ತೆ ಮಂಡಿ ಗಾಯವಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅಂತ ತೋರಿಸಿತು. ಕ್ಯಾಲೆಂಡರ್ ಒಂದೇ ಸಾಲದು. ಗಾಯದ ಕಾಲಿನ ಶಕ್ತಿ ಇನ್ನೊಂದು ಕಾಲಿನ ಶೇ 90ರಷ್ಟಾದರೂ ಇರಬೇಕು, ಒಂಟಿ ಕಾಲಿನ ಜಿಗಿತದಲ್ಲೂ ಅಷ್ಟೇ. ಇದನ್ನು ಅಳೆದು, 'ಇನ್ನೂ ಇಲ್ಲ ಕಣಪ್ಪಾ' ಅಂತ ಹೇಳಿ, ಆಟಗಾರ ಮತ್ತು ಕೋಚ್ ಇಬ್ಬರನ್ನೂ ಒಪ್ಪಿಸುವುದಿದೆಯಲ್ಲ, ಅದೇ ದೊಡ್ಡ ಕೆಲಸ. ಕಾಲೇಜು ನೋಡುವಾಗ ಕಟ್ಟಡ ನೋಡಬೇಡಿ. ನಿಜವಾದ ತಂಡಗಳ ಜೊತೆ ಎಷ್ಟು ದಿನ ಪೋಸ್ಟಿಂಗ್ ಹಾಕುತ್ತಾರೆ ಅಂತ ಹಳೇ ವಿದ್ಯಾರ್ಥಿಗಳನ್ನು ಕೇಳಿ.

ಲ್ಯಾಬ್ ಅಂದರೆ ಸ್ಪೋರ್ಟ್ಸ್ ಸೈನ್ಸ್, ಅದು ಬೇರೆ ದಾರಿ. ಶರೀರಕ್ರಿಯೆ, ಬಯೋಮೆಕ್ಯಾನಿಕ್ಸ್ (ದೇಹದ ಚಲನೆಯ ವಿಜ್ಞಾನ), ಆಹಾರ, ಮನಸ್ಸು, ತರಬೇತಿಯ ಹೊರೆ ಎಲ್ಲವೂ ಇದರಲ್ಲಿ ಬರುತ್ತವೆ. ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ರಸ್ತೆಯಲ್ಲಿ ನಿಂತು ನೋಡಿ. ಎಷ್ಟೊಂದು ಸೈಕಲ್ ಸವಾರರು! ಅವರಲ್ಲಿ ಮಂಡಿಯ ಮುಂಭಾಗ ನೋಯುತ್ತದೆ ಅನ್ನುವವರ ಸೀಟು ಅನೇಕ ಸಲ ತಗ್ಗಾಗಿರುತ್ತದೆ. ಮಂಡಿಗೆ ಎಷ್ಟು ಮಷೀನ್ ಇಟ್ಟರೂ ಸೀಟು ಏರಿಸದೆ ಅಂಥ ನೋವು ಪೂರ್ತಿ ಹೋಗುವುದಿಲ್ಲ. ಹೀಗೆ ಕಾರಣದ ಬೆನ್ನು ಹತ್ತುವುದು ನಿಮಗೆ ಇಷ್ಟವಾದರೆ ಈ ಕೋರ್ಸ್ ಒಗ್ಗುತ್ತದೆ. ಒಂದು ಎಚ್ಚರಿಕೆ: ಎಂಎಸ್‌ಸಿ ನಿಮ್ಮನ್ನು ಫಿಸಿಯೋ ಮಾಡುವುದಿಲ್ಲ. ನಿಮಗೆ ಬಿಪಿಟಿ ಇರುವುದರಿಂದ ತೊಂದರೆ ಇಲ್ಲ. ಬರೀ ಎಂಎಸ್‌ಸಿ ನಂಬಿಕೊಂಡು ಚಿಕಿತ್ಸೆ ಕೊಡಲು ಹೊರಡುವ ಗೆಳೆಯರಿದ್ದರೆ ಅವರಿಗೆ ತಿಳಿಸಿ. ಇನ್ನು ಸ್ಪೋರ್ಟ್ಸ್ ಮೆಡಿಸಿನ್ ಎಂಡಿ ಅನ್ನುವುದು ಎಂಬಿಬಿಎಸ್ ಆದವರಿಗೆ. ಅದನ್ನು ಇದರ ಜೊತೆ ಬೆರೆಸಬೇಡಿ.

ಗೆರೆಯ ಪಕ್ಕ ಅಂದರೆ ಅಥ್ಲೆಟಿಕ್ ಟ್ರೇನಿಂಗ್. ಆದರೆ ಅಮೆರಿಕದ ವಿಷಯದಲ್ಲಿ ಸ್ವಲ್ಪ ನಿಧಾನಿಸಿ. ಅಲ್ಲಿ ಈ ವೃತ್ತಿಗೆ ಕಾಲಿಡಬೇಕಾದರೇ ಸ್ನಾತಕೋತ್ತರ ಪದವಿ ಬೇಕು. 2022ರ ಬಳಿಕ ಬ್ಯಾಚುಲರ್ ಮಟ್ಟದ ಕೋರ್ಸ್‌ಗಳಿಗೆ ಹೊಸಬರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದ್ದಾರೆ. ಕೋರ್ಸ್‌ಗೆ ಸಿಎಎಟಿಇ (ಅಲ್ಲಿ ಈ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇರಲೇಬೇಕು, ಆಮೇಲೆ ಬಿಒಸಿ ಅನ್ನುವ ವೃತ್ತಿ ಪ್ರಮಾಣಪತ್ರದ ಪರೀಕ್ಷೆ ಪಾಸಾಗಬೇಕು. ನಿಮ್ಮ ಬಿಪಿಟಿ ಒಂದರಿಂದಲೇ ಆ ಪರೀಕ್ಷೆಗೆ ಕೂರಲಾಗುವುದಿಲ್ಲ. 'ಡಾಕ್ಟರ್ ಆಫ್ ಅಥ್ಲೆಟಿಕ್ ಟ್ರೇನಿಂಗ್' ಅನ್ನುವ ಜಾಹೀರಾತು ಕಂಡರೆ ಅರ್ಹತೆಯ ಸಾಲನ್ನು ಎರಡು ಸಲ ಓದಿ. ಅದು ಸಾಮಾನ್ಯವಾಗಿ ಈಗಾಗಲೇ ಆ ವೃತ್ತಿಯಲ್ಲಿರುವವರ ಮುಂದಿನ ಓದು. ಊರಿಗೆ ವಾಪಸ್ ಬರುವ ಯೋಚನೆ ಇದ್ದರೆ ಇನ್ನೂ ಒಂದು ಮಾತು. ನಮ್ಮಲ್ಲಿ ತಂಡಗಳು ಹೆಚ್ಚಾಗಿ ಹುಡುಕುವುದು ಫಿಸಿಯೋವನ್ನು, ಸ್ಟ್ರೆಂತ್ ಅಂಡ್ ಕಂಡಿಷನಿಂಗ್ ಕೋಚನ್ನು. ಅಥ್ಲೆಟಿಕ್ ಟ್ರೇನರ್ ಅನ್ನುವ ಹೆಸರೇ ಇಲ್ಲಿ ಅಷ್ಟಾಗಿ ಬಳಕೆಯಲ್ಲಿಲ್ಲ. ಅಲ್ಲೇ ನೆಲೆಸುವ ಮನಸ್ಸಿದ್ದರೆ ಲೆಕ್ಕ ಬೇರೆ. ಇಲ್ಲದಿದ್ದರೆ ಅಷ್ಟು ಸಾಲ ಮಾಡಿ ಅಂತ ನಾನಂತೂ ಹೇಳಲಾರೆ.

ಫೀಸು ಕಟ್ಟುವ ಮೊದಲು ಒಂದು ಸೀಸನ್ ಮೈದಾನದ ಪಕ್ಕ ಕಳೆಯಿರಿ. ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣಕ್ಕೆ ಬೆಳಗ್ಗೆ ಹೋಗಿ ಯಾವುದಾದರೂ ಕೋಚ್‌ಗೆ ನಮಸ್ಕಾರ ಹೇಳಿ, ಆಸ್ಪತ್ರೆಯ ಡ್ಯೂಟಿಗೆ ಮುಂಚೆ ಒಂದು ಗಂಟೆ ಬರುತ್ತೇನೆ ಅನ್ನಿ. ಮೊದಲ ದಿನವೇ ಯಾರೂ ಮಂಡಿ ತೋರಿಸುವುದಿಲ್ಲ. ವಾರ್ಮ್‌ಅಪ್ ಮಾಡಿಸಿ. ಫುಟ್‌ಬಾಲ್ ಆಡುವವರಿಗೆ ಫಿಫಾ 11+ ಅನ್ನುವ 20 ನಿಮಿಷದ ವ್ಯಾಯಾಮ ಸರಣಿ ಇದೆ. ಓಟಗಾರರ ತೊಡೆಯ ಹಿಂಭಾಗಕ್ಕೆ ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ ಅನ್ನುವ ವ್ಯಾಯಾಮ ಇದೆ. ಎರಡಕ್ಕೂ ಮಷೀನ್ ಬೇಡ, ಗಾಯ ತಗ್ಗಿಸುತ್ತವೆ ಅನ್ನುವುದಕ್ಕೆ ಒಳ್ಳೆಯ ಆಧಾರವಿದೆ. ಬೇಸಿಗೆ ಕ್ಯಾಂಪಾದರೆ ಒಂದು ದೊಡ್ಡ ಟಬ್, ನೀರು, ಐಸ್ ಇರಲಿ. ಓಡುತ್ತಾ ಬಿಸಿಲಿಗೆ ಕುಸಿದು ತಬ್ಬಿಬ್ಬಾಗಿ ಮಾತಾಡುವವರನ್ನು ಮೊದಲು ತಣ್ಣಗೆ ಮಾಡಬೇಕು, ಆಮೇಲೆ ಆಂಬುಲೆನ್ಸ್ ಹತ್ತಿಸಬೇಕು.

ಜೊತೆಗೊಂದು ನೋಟ್‌ಬುಕ್ ಇಡಿ. ಯಾವ ಆಟ, ಯಾವ ಗಾಯ, ಹೇಗಾಯಿತು, ಎಷ್ಟು ದಿನಕ್ಕೆ ವಾಪಸ್ ಬಂದರು, ಇಷ್ಟು ಬರೆದರೆ ಸಾಕು. ಆಟಗಾರರ ಹೆಸರು ಬೇಡ. ಸೀಸನ್ ಮುಗಿದ ಮೇಲೆ ಆ ಪುಟಗಳನ್ನು ಅಪ್ಪನಿಗೂ ತೋರಿಸಿ. ಎಂಪಿಟಿಗೆ ಸೇರಿದರೆ ಪ್ರಬಂಧದ ವಿಷಯ ಅದರಲ್ಲೇ ಸಿಗಬಹುದು.