ಜೋರಿಲ್ಲದೆ ಸಿಗದ ನಾದ

1965ರಲ್ಲಿ ಲಂಡನ್ನಿನ ಪಶ್ಚಿಮ ಅಂಚಿನ ಹ್ಯಾನ್‌ವೆಲ್‌ನಲ್ಲಿದ್ದ ಒಂದು ವಾದ್ಯದಂಗಡಿಯ ಮುಂದೆ ಇಪ್ಪತ್ತರ ಹರೆಯದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ಒಂದೇ ಬೇಡಿಕೆ ಇಟ್ಟರು: ಇನ್ನೂ ಜೋರು ಬೇಕು. ಅಂಗಡಿಯ ಒಡೆಯ ಜಿಮ್ ಮಾರ್ಷಲ್ ಮೂಲತಃ ಡ್ರಮ್ ಕಲಿಸುವ ಮೇಷ್ಟ್ರು. ಮೂರು ವರ್ಷಗಳ ಹಿಂದಷ್ಟೇ ಕೆನ್ ಬ್ರಾನ್, ಡಡ್ಲಿ ಕ್ರೇವನ್ ಎಂಬ ತಂತ್ರಜ್ಞರ ಜೊತೆ ಸೇರಿ, ಗಿಟಾರಿನ ದನಿಯನ್ನು ಹಿಗ್ಗಿಸುವ ಅಮೆರಿಕದ ಫೆಂಡರ್ ಕಂಪನಿಯ ಬಾಸ್‌ಮನ್ ಆಂಪ್ಲಿಫೈಯರಿನ ಮಾದರಿಯಲ್ಲಿ ತಮ್ಮದೇ ಪೆಟ್ಟಿಗೆಯನ್ನು ಕಟ್ಟಿದ್ದರು. ಟೌನ್‌ಶೆಂಡ್ ಅವರ ‘ದಿ ಹೂ’ ರಾಕ್ ತಂಡಕ್ಕಾಗಿ ಮಾರ್ಷಲ್ 100 ವ್ಯಾಟಿನ ಆಂಪ್ಲಿಫೈಯರ್ ಮತ್ತು 12 ಇಂಚಿನ ಎಂಟು ಸ್ಪೀಕರುಗಳನ್ನು ಕೂಡಿಸಿದ ಆಳೆತ್ತರದ ಪೆಟ್ಟಿಗೆಯನ್ನು ಮಾಡಿಕೊಟ್ಟರು. ಅದನ್ನು ಹೊರುವವರು ಸುಸ್ತಾದಾಗ ಅದನ್ನೇ ನಾಲ್ಕು ಸ್ಪೀಕರಿನ ಎರಡು ಪೆಟ್ಟಿಗೆಗಳಾಗಿ ಒಡೆದು, ಒಂದರ ಮೇಲೊಂದು ಪೇರಿಸುವಂತೆ ಮಾಡಿದರು. ರಾಕ್ ವಾದಕರ ಬೆನ್ನ ಹಿಂದೆ ಇಂದಿಗೂ ಕಾಣುವ ಆ ಕಪ್ಪು ಗೋಡೆ ಹುಟ್ಟಿದ್ದು ಹೊರೆ ಹೊರುವವರ ಬೆನ್ನುನೋವಿನಿಂದ.

ಅಷ್ಟು ಜೋರು ಏಕೆ ಬೇಕಿತ್ತು ಎಂಬುದಕ್ಕೆ ಅದೇ ವರ್ಷದ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ನಡೆದ ಬೀಟಲ್ಸ್ ಕಛೇರಿಯೇ ಉತ್ತರ. ಕೇಳುಗರು 55 ಸಾವಿರಕ್ಕೂ ಹೆಚ್ಚು. ಹಾಡು ಹೊಮ್ಮಿದ್ದು ಆಟದ ಪ್ರಕಟಣೆಗಳಿಗೆಂದು ಕೂರಿಸಿದ್ದ ಧ್ವನಿವರ್ಧಕಗಳಿಂದ. ಗಿಟಾರಿನ ದನಿಗೆ ವೇದಿಕೆಯ ಮೇಲಿನ ವಾಕ್ಸ್ ಕಂಪನಿಯ 100 ವ್ಯಾಟಿನ ಆಂಪ್ಲಿಫೈಯರ್ ಪೆಟ್ಟಿಗೆಗಳೇ ಗತಿ. ಅಭಿಮಾನಿಗಳ ಕಿರುಚಾಟದಲ್ಲಿ ಎಲ್ಲವೂ ಮುಳುಗಿಹೋಯಿತು. ಆ ಕಾಲದ ವಾದಕನಿಗೆ ಆಂಪ್ಲಿಫೈಯರೇ ಕಂಠ. ಅದು ಎಷ್ಟು ದೂರ ಮುಟ್ಟುತ್ತದೋ ಅವನ ಸಂಗೀತವೂ ಅಷ್ಟೇ ದೂರ.

ಆದರೆ ಕಿವಿಯ ಲೆಕ್ಕ ವ್ಯಾಟಿನ ಲೆಕ್ಕದಂತೆ ನಡೆಯುವುದಿಲ್ಲ. ವಿದ್ಯುತ್ ಶಕ್ತಿಯನ್ನು ಇಮ್ಮಡಿಗೊಳಿಸಿದರೆ ಶಬ್ದ ಏರುವುದು ಬರೀ 3 ಡೆಸಿಬೆಲ್. ನಮ್ಮ ಕಿವಿಗೆ ‘ಎರಡರಷ್ಟು ಜೋರು’ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು, ಅಂದರೆ ಹತ್ತರಷ್ಟು ವ್ಯಾಟ್. ಆದ್ದರಿಂದ 50 ವ್ಯಾಟಿನಿಂದ 100 ವ್ಯಾಟಿಗೆ ಹೋದವರಿಗೆ ಸಿಕ್ಕಿದ್ದು ಸಣ್ಣ ಏರಿಕೆ. ಹಾಗಾದರೆ ಅವರೆಲ್ಲ ಆ ಗೋಡೆಗೆ ಮನಸೋತದ್ದು ಏಕೆ? ಸ್ಪೀಕರುಗಳ ಸಂಖ್ಯೆ ಹೆಚ್ಚಿ, ಅವು ಕಿವಿಯ ಎತ್ತರಕ್ಕೆ ಬಂದದ್ದು ಒಂದು ಕಾರಣ. ನಾನು ಮುಖ್ಯವೆಂದು ನಂಬುವ ಕಾರಣ ಬೇರೆ. ಆ ಯಂತ್ರ ದಣಿಯುವ ಹೊತ್ತಿಗೆ ಅದರ ದನಿಯೇ ಬದಲಾಗುತ್ತಿತ್ತು.

ಗಿಟಾರಿನ ಉಕ್ಕಿನ ತಂತಿ ಕಂಪಿಸಿದಾಗ ಕೆಳಗಿನ ಆಯಸ್ಕಾಂತಕ್ಕೆ ಸುತ್ತಿದ ಸಾವಿರಾರು ಸುತ್ತಿನ ತಾಮ್ರದ ಸುರುಳಿಯಲ್ಲಿ ಮಿಣುಕು ವಿದ್ಯುತ್ ಹುಟ್ಟುತ್ತದೆ. ವಾಲ್ವ್ ಆ ಮಿಣುಕನ್ನು ಹಿಗ್ಗಿಸುತ್ತದೆ. ಹಳೆಯ ರೇಡಿಯೋ ಬೆಚ್ಚಗಾಗಲು ಕಾದು ಕುಳಿತವರಿಗೆ ಆ ಗಾಜಿನ ಬುರುಡೆಯ ಪರಿಚಯ ಇದ್ದೇ ಇರುತ್ತದೆ. ಒಳಗಿನ ತಂತು ಕಾದು ಕೆಂಪಾಗಿ, ಇಲೆಕ್ಟ್ರಾನುಗಳು ನಿರ್ವಾತದಲ್ಲಿ ಹರಿದು, ನಡುವಿನ ಜಾಲರಿಯ ಅಣತಿಯಂತೆ ಏರಿಳಿಯುತ್ತವೆ. ಈ ಹರಿವಿಗೆ ಒಂದು ಮಿತಿಯಿದೆ. ತಂತಿಯನ್ನು ಜೋರಾಗಿ ಮೀಟಿದಾಗ ಅಲೆ ಆ ಮಿತಿಗೆ ಮೆಲ್ಲನೆ ಒರಗಿ, ಅದರ ನೆತ್ತಿ ಮೊಂಡಾಗುತ್ತದೆ. ಮೊಂಡಾದ ಅಲೆಯೆಂದರೆ ಹೊಸ ಉಪಸ್ವರಗಳು ಹುಟ್ಟಿದ ಅಲೆ. 110 ಹರ್ಟ್ಸಿನ ಸ್ವರವನ್ನು ಷಡ್ಜವೆಂದುಕೊಳ್ಳಿ. ಅದರ ಮೂರರಷ್ಟಾದ 330 ಹರ್ಟ್ಸ್ ಮೇಲಿನ ಸ್ಥಾಯಿಯ ಪಂಚಮ, ಐದರಷ್ಟಾದ 550 ಇನ್ನೂ ಮೇಲಿನ ಅಂತರಗಾಂಧಾರ. ತಂಬೂರಿಯ ಕುದುರೆಯ ಮೇಲೆ ತಂತಿಯಡಿಗೆ ನೂಲು ಸೇರಿಸಿದಾಗ, ಯಾರೂ ಮೀಟದ ಗಾಂಧಾರ ತಾನಾಗಿ ಕೇಳುತ್ತದಲ್ಲ, ಅದೇ ಸಂಪತ್ತು ಇಲ್ಲಿ ಬಿಸಿ ಗಾಜಿನಿಂದ ಬರುತ್ತದೆ. ಇಂಜಿನಿಯರುಗಳು ಇದನ್ನು ಡಿಸ್ಟಾರ್ಷನ್ ಎಂದು ಕರೆದು ನಿವಾರಿಸಲು ಹೆಣಗುತ್ತಿದ್ದರೆ, ವಾದಕರು ಅದಕ್ಕಾಗಿಯೇ ಗುಬುಟನ್ನು ಕೊನೆಯವರೆಗೆ ತಿರುಗಿಸುತ್ತಿದ್ದರು.

ಇದು ಸಂಗೀತದ ವ್ಯಾಕರಣವನ್ನೂ ಬದಲಿಸಿತು. ಎರಡು ಸ್ವರಗಳು ಒಟ್ಟಿಗೆ ಇಂಥ ವಾಲ್ವನ್ನು ಹೊಕ್ಕರೆ ಅವುಗಳ ವ್ಯತ್ಯಾಸದ ಆವರ್ತನವೂ ಹೊರಬರುತ್ತದೆ. ಷಡ್ಜ 110, ಪಂಚಮ 165; ವ್ಯತ್ಯಾಸ 55, ಅಂದರೆ ಕೆಳಗಿನ ಸ್ಥಾಯಿಯ ಷಡ್ಜ. ಮೀಟದ ಆಧಾರಸ್ವರವೊಂದು ನೆಲದಡಿಯಿಂದ ಎದ್ದಂತೆ ಕೇಳುತ್ತದೆ. ಗಾಂಧಾರವನ್ನೂ ಸೇರಿಸಿ ಪೂರ್ಣ ಸ್ವರಮೇಳ ನುಡಿಸಿದರೆ ವ್ಯತ್ಯಾಸಗಳು ಒಂದಕ್ಕೊಂದು ತಾಗಿ ಕೆಸರಾಗುತ್ತವೆ. ಟೌನ್‌ಶೆಂಡ್ ಮತ್ತು ಅವರ ಪೀಳಿಗೆಯವರು ಷಡ್ಜ-ಪಂಚಮಗಳನ್ನಷ್ಟೇ ಹಿಡಿದು ತೋಳು ಬೀಸಿ ಬಾರಿಸಿದ್ದರ ಹಿಂದೆ ಈ ಭೌತಶಾಸ್ತ್ರವಿದೆ. ಇನ್ನು ಗಿಟಾರನ್ನು ಸ್ಪೀಕರಿಗೆ ಎದುರಾಗಿ ಹಿಡಿದರೆ, ಹೊರಟ ಶಬ್ದವೇ ಬಂದು ತಂತಿಯನ್ನು ಅಲುಗಿಸುತ್ತದೆ. ಅಲುಗಿದ ತಂತಿ ಮತ್ತೆ ಆಂಪ್ಲಿಫೈಯರನ್ನು ಸೇರುತ್ತದೆ. ಅರ್ಧ ಹೆಜ್ಜೆ ಹಿಂದೆ ಸರಿದರೆ ಬೇರೊಂದು ಉಪಸ್ವರ ಮೊಳಗುತ್ತದೆ. ನಿಂತ ಜಾಗವೂ ವಾದ್ಯದ ಭಾಗವಾಯಿತು.

ಇದಕ್ಕೆ ತೆತ್ತ ಬೆಲೆ ಚಿಕ್ಕದಲ್ಲ. 1976ರ ಮೇ 31ರಂದು ಲಂಡನ್ನಿನ ಚಾರ್ಲ್ಟನ್ ಫುಟ್‌ಬಾಲ್ ಮೈದಾನದಲ್ಲಿ ‘ದಿ ಹೂ’ ನುಡಿಸಿದಾಗ, ಸ್ಪೀಕರುಗಳಿಂದ 32 ಮೀಟರ್ ದೂರದಲ್ಲಿ 126 ಡೆಸಿಬೆಲ್ ದಾಖಲಾಯಿತು. ಗಿನ್ನೆಸ್ ಅದನ್ನು ಜಗತ್ತಿನ ಅತಿ ಜೋರಿನ ಕಛೇರಿಯೆಂದು ಬರೆದುಕೊಂಡಿತು. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು, ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ ಎಂಬ ಸುರಕ್ಷತಾ ಸೂತ್ರವನ್ನು ಹಚ್ಚಿ ನೋಡಿ: 126ಕ್ಕೆ ಉಳಿಯುವುದು ಸುಮಾರು ಎರಡು ಸೆಕೆಂಡು. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಬೆಳೆಯುವುದಿಲ್ಲ. ಟೌನ್‌ಶೆಂಡ್ ಅವರಿಗೆ ಶ್ರವಣದೋಷ ಮತ್ತು ಕಿವಿಮೊರೆತ ಅಂಟಿಕೊಂಡವು. ವೇದಿಕೆಗಿಂತ ಸ್ಟುಡಿಯೋದ ಹೆಡ್‌ಫೋನುಗಳಿಂದಲೇ ಹೆಚ್ಚು ಹಾನಿಯಾಯಿತು ಎಂದು ಅವರೇ ಹೇಳಿದ್ದಾರೆ. 1989ರ ಪ್ರವಾಸದಲ್ಲಿ ಅವರು ಹೆಚ್ಚಾಗಿ ಅಕೂಸ್ಟಿಕ್ ಗಿಟಾರ್ ಹಿಡಿದು, ವಿದ್ಯುತ್ ಗಿಟಾರನ್ನು ಇನ್ನೊಬ್ಬರಿಗೆ ಬಿಟ್ಟುಕೊಟ್ಟಿದ್ದರು.

ಚಾರ್ಲ್ಟನ್ನಿನಲ್ಲಿ ಶಬ್ದವನ್ನು ಜನರಿಗೆ ಮುಟ್ಟಿಸಿದ್ದು ಮೈದಾನದ ಬೃಹತ್ ಧ್ವನಿವರ್ಧಕ ವ್ಯವಸ್ಥೆ. ಅಂದರೆ, ದೂರಕ್ಕೆ ಕೇಳಿಸುವ ಹೊಣೆ ಎಪ್ಪತ್ತರ ದಶಕದಲ್ಲೇ ಗಿಟಾರ್ ಪೆಟ್ಟಿಗೆಯ ಹೆಗಲಿನಿಂದ ಇಳಿದಿತ್ತು. ಒಂದು ಮೈಕ್ ಹಿಡಿದರೆ 15 ವ್ಯಾಟೂ ಸಾಕು. ಆದರೆ ನಾದ ಮಾತ್ರ ಜೋರಿನೊಳಗೇ ಸಿಕ್ಕಿಹಾಕಿಕೊಂಡಿತ್ತು. ವಾಲ್ವ್ ದಣಿಯದೆ ಅದು ಬಾರದು, ವಾಲ್ವ್ ದಣಿದರೆ ನೆರೆಹೊರೆ ಸುಮ್ಮನಿರದು. ಅಲ್ಲಿಂದ ಈಚಿನ ಐವತ್ತು ವರ್ಷಗಳ ತಂತ್ರಜ್ಞಾನವೆಲ್ಲ ಈ ಗಂಟನ್ನು ಬಿಚ್ಚುವ ಯತ್ನವೆಂದೇ ನನಗೆ ಕಾಣುತ್ತದೆ.

ಕ್ಯಾಲಿಫೋರ್ನಿಯಾದ ರ‍್ಯಾಂಡಲ್ ಸ್ಮಿತ್, ಆಂಪ್ಲಿಫೈಯರಿನ ಮೊದಲ ಹಂತಕ್ಕೇ ಇನ್ನೊಂದು ವಾಲ್ವ್ ಹಂತವನ್ನು ಪೋಣಿಸಿ, ದಣಿವನ್ನು ಅಲ್ಲಿಯೇ ಮುಗಿಸಿ, ಕೊನೆಯ ಜೋರಿಗೆ ಬೇರೆ ಗುಬುಟು ಇಟ್ಟರು. ಮೆಸಾ ಬೂಗಿ ಕಂಪನಿ ಬೆಳೆದದ್ದು ಈ ಉಪಾಯದಿಂದ. 1975ರಲ್ಲಿ ಮಾರ್ಷಲ್ ಕೂಡ ಇಂಥದೇ ಗುಬುಟಿನ ‘ಮಾಸ್ಟರ್ ವಾಲ್ಯೂಮ್’ ಮಾದರಿಯನ್ನು ತಂದಿತು. ಅದೇ ವರ್ಷ ಬಂದ ರೋಲೆಂಡ್ ಕಂಪನಿಯ ಜೆಸಿ-120 ಆಂಪ್ಲಿಫೈಯರಿನಲ್ಲಿ ವಾಲ್ವೇ ಇರಲಿಲ್ಲ. ಅದರ ಬದಲು ಬಂದ ಟ್ರಾನ್ಸಿಸ್ಟರ್ ತಿಳಿನೀರಿನಂಥ ಸ್ವಚ್ಛ ನಾದ ಕೊಟ್ಟಿತು, ಆದರೆ ಮಿತಿ ಮೀರಿದಾಗ ಅಲೆಯ ನೆತ್ತಿಯನ್ನು ಕತ್ತಿಯಿಂದ ಕಡಿದಂತೆ ಕಡಿಯುತ್ತಿತ್ತು. ಆ ಕರ್ಕಶಕ್ಕೆ ಹೆಚ್ಚು ಮಂದಿ ಒಲಿಯಲಿಲ್ಲ. 1982ರಲ್ಲಿ ‘ಬಾಸ್ಟನ್’ ತಂಡದ ಟಾಮ್ ಶಾಲ್ಜ್ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಪುಟ್ಟ ಆಂಪ್ಲಿಫೈಯರ್ ‘ರಾಕ್‌ಮನ್’ ತಂದಾಗ, ಹೆಡ್‌ಫೋನಿನಲ್ಲೇ ದೊಡ್ಡ ವೇದಿಕೆಯ ಛಾಯೆ ಸಿಗತೊಡಗಿತು.

ವಾಲ್ವ್ ಎಂದಾಗ ಬೆಂಗಳೂರನ್ನು ನೆನೆಯದಿರಲಾರೆ. ಜಾಲಹಳ್ಳಿಯ ಬಿಇಎಲ್ 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸಿತು. ಅದು ಮಾಡಿದ ಮಾದರಿಗಳಲ್ಲಿ ಇಎಲ್84 ಕೂಡ ಒಂದು. ವಾಕ್ಸ್ ಎಸಿ30 ಆಂಪ್ಲಿಫೈಯರಿನ ಬೆನ್ನೆಲುಬು ಇಂಥದೇ ನಾಲ್ಕು ವಾಲ್ವುಗಳು. ಅವುಗಳ ತಯಾರಿಕೆ ಇಂದು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ ಮತ್ತು ಚೀನಾದ ಬೆರಳೆಣಿಕೆಯ ಕಾರ್ಖಾನೆಗಳಲ್ಲಿ ಉಳಿದಿದೆ.

ಗಂಟು ನಿಜವಾಗಿ ಸಡಿಲಗೊಂಡದ್ದು ಗಣಕದಿಂದ. 1998ರಲ್ಲಿ ಲೈನ್ 6 ಕಂಪನಿಯ ಕೆಂಪು ಹುರುಳಿಕಾಯಿ ಬೀಜದ ಆಕಾರದ ‘ಪಾಡ್’, ಹಲವು ಆಂಪ್ಲಿಫೈಯರುಗಳ ನಡವಳಿಕೆಯನ್ನು ಗಣಿತವಾಗಿ ಬರೆದುಕೊಂಡು ಮೇಜಿನ ಮೇಲೆ ಕುಳಿತಿತು. ಅಲೆಯ ನೆತ್ತಿ ಮೊಂಡಾಗುವುದನ್ನು ಲೆಕ್ಕಿಸುವುದು ಸುಲಭ, ಉಳಿದದ್ದು ಕಷ್ಟ. ಜೋರಾಗಿ ಮೀಟಿದ ಕ್ಷಣ ವಿದ್ಯುತ್ ಪೂರೈಕೆ ಕುಸಿದು ಮೆಲ್ಲನೆ ಚೇತರಿಸಿಕೊಳ್ಳುವುದು, ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಕಾಂತಶಕ್ತಿಯಿಂದ ತುಂಬಿಹೋಗುವುದು, ಸ್ಪೀಕರಿನ ಕಾಗದ ಸುಮಾರು 5,000 ಹರ್ಟ್ಸಿನ ಮೇಲಿನ ಕಿರುಚನ್ನು ನುಂಗಿಬಿಡುವುದು, ಎಲ್ಲವೂ ಸೇರಿದಾಗಲೇ ಆ ನಾದ. ಸ್ಪೀಕರನ್ನು ಬಿಟ್ಟು ನೇರವಾಗಿ ಕೇಳಿದರೆ ಡಿಸ್ಟಾರ್ಷನ್ ಗಿಟಾರ್ ಕಣಜದ ಗೂಡಿನಂತೆ ಗುಂಯ್‌ಗುಡುತ್ತದೆ. 2011ರಲ್ಲಿ ಬಂದ ಜರ್ಮನಿಯ ಕೆಂಪರ್ ಯಂತ್ರ ನಿಜವಾದ ಆಂಪ್ಲಿಫೈಯರಿಗೆ ಪರೀಕ್ಷಾ ಶಬ್ದಗಳನ್ನು ಕಳಿಸಿ, ಮರಳಿ ಬಂದದ್ದನ್ನು ಆಲಿಸಿ, ಅದರ ಗುಣವನ್ನು ತಾನೇ ಹಿಡಿದಿಟ್ಟುಕೊಂಡಿತು. ಈಗ ಅದೇ ಕೆಲಸವನ್ನು, ಉದಾಹರಣೆಗಳಿಂದ ತಾವೇ ಕಲಿಯುವ ನರಜಾಲ (ನ್ಯೂರಲ್ ನೆಟ್‌ವರ್ಕ್) ಮಾದರಿಗಳು ಮಾಡುತ್ತವೆ. ಯಾರದೋ ಮನೆಯ ಹಳೆಯ ಮಾರ್ಷಲ್ಲಿನ ನಾದವನ್ನು ಫೈಲಾಗಿ ಪಡೆದು ಲ್ಯಾಪ್‌ಟಾಪಿನಲ್ಲಿ ನುಡಿಸಬಹುದು. ಲೆಕ್ಕಕ್ಕೆ ಬೇಕಾದ ಕೆಲವು ಮಿಲಿಸೆಕೆಂಡುಗಳ ತಡವೂ ದೊಡ್ಡದಲ್ಲ. ಮಿಲಿಸೆಕೆಂಡಿಗೆ ಶಬ್ದ ಗಾಳಿಯಲ್ಲಿ ಸಾಗುವುದು ಸುಮಾರು 34 ಸೆಂಟಿಮೀಟರ್, ಆದ್ದರಿಂದ ಮೂರು ಮಿಲಿಸೆಕೆಂಡಿನ ತಡ ಸ್ಪೀಕರಿನಿಂದ ಒಂದು ಮೀಟರ್ ದೂರ ನಿಂತಂತೆ.

ಈ ಬದಲಾವಣೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಹಾಸ್ಟೆಲ್ ಕೋಣೆಯಲ್ಲಿ ಯಾರ ನಿದ್ದೆಯನ್ನೂ ಕೆಡಿಸದೆ, ಕಿವಿಯನ್ನೂ ಕೆಡಿಸಿಕೊಳ್ಳದೆ, 1965ರ ಆ ನಾದವನ್ನು ಇಂದು ಹದಿನೇಳರ ಹುಡುಗಿಯೊಬ್ಬಳು ನುಡಿಸಬಹುದು. ಅನೇಕ ವೇದಿಕೆಗಳಲ್ಲಿ ಗಿಟಾರ್ ನೇರವಾಗಿ ಧ್ವನಿವರ್ಧಕ ವ್ಯವಸ್ಥೆಗೆ ಹೋಗುತ್ತದೆ, ವಾದಕರು ತಮ್ಮನ್ನು ತಾವು ಕಿವಿಯೊಳಗಿನ ಪುಟ್ಟ ಇಯರ್‌ಫೋನಿನಲ್ಲಿ ಕೇಳಿಕೊಳ್ಳುತ್ತಾರೆ. ಆದರೆ ಹೆಡ್‌ಫೋನಿನೊಳಗಿನ ಶಬ್ದ ಎಷ್ಟೇ ನಿಖರವಾಗಿರಲಿ, ಅದು ತಂತಿಯನ್ನು ಅಲುಗಿಸಲಾರದು. ಅದಕ್ಕೆ ಗಾಳಿ ಕದಲಬೇಕು. ಹಾಗಾಗಿ ಸಭಿಕರಿಗೆ ಬೇಕಾದ ಶಬ್ದವೆಲ್ಲ ಗಣಕದಿಂದಲೇ ಹೋಗುತ್ತಿದ್ದರೂ ಕೆಲವು ವಾದಕರು ಇಂದಿಗೂ ಬೆನ್ನ ಹಿಂದೆ ಒಂದು ಸ್ಪೀಕರ್ ಪೆಟ್ಟಿಗೆಯನ್ನು ಇಟ್ಟುಕೊಳ್ಳುತ್ತಾರೆ. ಸ್ವರವೊಂದನ್ನು ಹಿಡಿದು ಅದರ ಕಡೆ ತಿರುಗುತ್ತಾರೆ, ತಂತಿ ತಾನಾಗಿ ಹಾಡತೊಡಗುವ ಜಾಗ ಸಿಗುವವರೆಗೆ ಅರ್ಧ ಹೆಜ್ಜೆ ಹಿಂದೆ, ಅರ್ಧ ಹೆಜ್ಜೆ ಮುಂದೆ ಸರಿಯುತ್ತಾರೆ.