ಮದುವೆ ಕ್ಯಾಸೆಟ್ ಒಂದೇ 39 ಜಿಬಿ ಆಗಿದೆ, ಏನು ಮಾಡೋದು?

ಪ್ರಶ್ನೆ: ನಮ್ಮದು ಶಿರಸಿ ಹತ್ತಿರ. ಅಪ್ಪ-ಅಮ್ಮನ ಮದುವೆ ಮತ್ತು ಊರಿನ ಯಕ್ಷಗಾನದ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕಿಸಿದೆವು. ಮೂರು ಗಂಟೆಯ ಒಂದೊಂದೂ 39 ಜಿಬಿ! ಪೆನ್‌ಡ್ರೈವಿಗೂ ಹೋಗ್ತಿಲ್ಲ. ಚಿಕ್ಕದು ಮಾಡಿಕೊಂಡು ದೊಡ್ಡದನ್ನು ಅಳಿಸಬಹುದಾ?

ಉತ್ತರ: ಚಿಕ್ಕದು ಮಾಡಿ, ಆದರೆ ದಯವಿಟ್ಟು ದೊಡ್ಡದನ್ನು ಅಳಿಸಬೇಡಿ. ಕ್ಯಾಸೆಟ್ ಓಡಿಸುವ ಯಂತ್ರ, ಅಂದರೆ ಹೊಸ ವಿಸಿಆರ್ ತಯಾರಿಕೆ 2016ರಲ್ಲೇ ನಿಂತುಹೋಗಿದೆ. ನಮ್ಮ ಮಳೆಗಾಲದ ಥಂಡಿಗೆ ಟೇಪಿನ ಮೇಲೆ ಬಿಳಿ ಬೂಸಲು ಬರುತ್ತದೆ. ಕ್ಯಾಸೆಟ್ ಇನ್ನೊಮ್ಮೆ ಓಡುತ್ತದೆ ಅನ್ನೋ ಭರವಸೆ ಇಲ್ಲ. ಇನ್ನು ಮುಂದೆ ಆ 39 ಜಿಬಿಯೇ ನಿಮ್ಮ ಮೂಲಪ್ರತಿ. ಅದನ್ನು ಎರಡು ಹಾರ್ಡ್‌ಡಿಸ್ಕಿನಲ್ಲಿಟ್ಟು, ಒಂದನ್ನು ಬೇರೆ ಮನೆಯಲ್ಲಿಡಿ.

ಗಂಟೆಗೆ 13 ಜಿಬಿ ಲೆಕ್ಕ ನೋಡಿದರೆ ಅದು ಡಿವಿ ಎಂಬ ಡಿಜಿಟಲ್ ವಿಡಿಯೋ ಮಾದರಿ ಇರಬೇಕು. ಇದರಲ್ಲಿ ಮಂಟಪದ ಗಡಿಬಿಡಿ ಇರಲಿ, ಕೊನೆಯ ಖಾಲಿ ನೀಲಿ ಪರದೆ ಇರಲಿ, ಹಿಡಿಯುವ ಜಾಗ ಒಂದೇ. ಹಾಗಾಗಿ ಮೊದಲು ಖಾಲಿ ಓಡಿದ ಭಾಗ ಕತ್ತರಿಸಿ. ಮತ್ತೆ ಎನ್‌ಕೋಡ್ ಮಾಡದೆ, ಅಂದರೆ ಚಿತ್ರವನ್ನು ಹೊಸದಾಗಿ ಹಿಂಡದೆ, ಕತ್ತರಿಸಿದರೆ ಉಳಿದ ಚಿತ್ರಕ್ಕೆ ಏನೂ ಆಗುವುದಿಲ್ಲ.

ನೋಡುವ ಪ್ರತಿಗೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಅದರಲ್ಲಿ ಎಚ್.264 (ವಿಡಿಯೋ ಹಿಂಡುವ ವಿಧಾನ), ಎಂಪಿ4 (ಫೈಲಿನ ಮಾದರಿ) ಆರಿಸಿ, ಕ್ವಾಲಿಟಿ 18ರಿಂದ 20ರ ನಡುವೆ ಇಡಿ. ಸೆಕೆಂಡಿಗೆ 5 ಮೆಗಾಬಿಟ್ ಬಂದರೆ ಗಂಟೆಗೆ ಎರಡೂಕಾಲು ಜಿಬಿ ಆಯಿತು. ಯಕ್ಷಗಾನ ಮಾತ್ರ ಜಾಸ್ತಿ ಹಿಡಿಯುತ್ತದೆ. ರಾತ್ರಿಯ ಬೆಳಕಿನಲ್ಲಿ ತೆಗೆದ ಟೇಪಿನ ತುಂಬ ಕಾಳುಕಾಳು ಕುಣಿಯುತ್ತಿರುತ್ತವೆ. ಕಂಪ್ಯೂಟರ್ ಅದನ್ನೂ ಚಿತ್ರವೆಂದೇ ತಿಳಿದು ಜಾಗ ಕೊಡುತ್ತದೆ. ಆ ಕಾಳು ಕಡಿಮೆ ಮಾಡುವ ಡಿನಾಯ್ಸ್ ಸ್ವಲ್ಪವೇ ಹಾಕಿ. ಜಾಸ್ತಿಯಾದರೆ ಮುಖದ ಬಣ್ಣಗಾರಿಕೆಯೇ ಅಳಿಸಿಹೋದಂತೆ ಕಾಣುತ್ತದೆ.

ವೇಷಧಾರಿ ಮಂಡಿ ಹಾಕಿ ತಿರುಗುವಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನಂಥ ಗೆರೆ ಕಾಣುತ್ತದೆ ಅಲ್ವಾ? ಅದಕ್ಕೆ ಡಿಇಂಟರ್‌ಲೇಸ್ ಆನ್ ಮಾಡಿ. ಚಿತ್ರದ ತಳದಲ್ಲಿ ನಡುಗುವ ಪಟ್ಟಿಯನ್ನೂ ಕ್ರಾಪ್ ಮಾಡಿ. ಇದೆಲ್ಲ ನೋಡುವ ಪ್ರತಿಗೆ ಮಾತ್ರ, ಮೂಲ ಇದ್ದಂತೆಯೇ ಇರಲಿ. 720×576ರ ಚಿತ್ರವನ್ನು ಫುಲ್ ಎಚ್‌ಡಿಗೆ ಹಿಗ್ಗಿಸಬೇಡಿ. ಸುಮ್ನೆ ಫೈಲ್ ಉಬ್ಬುತ್ತದೆ, ಟೇಪಿನಲ್ಲಿ ಇಲ್ಲದ್ದು ಎಲ್ಲಿಂದ ಬರಬೇಕು?

ಪೆನ್‌ಡ್ರೈವಿನದು ಬೇರೆ ತಕರಾರು. ಅದರ ಫಾರ್ಮ್ಯಾಟ್ (ಫೈಲ್ ಜೋಡಿಸಿಡುವ ರೀತಿ) ಎಫ್‌ಎಟಿ32 ಆಗಿದ್ದರೆ 64 ಜಿಬಿ ಖಾಲಿ ಇದ್ದರೂ 4 ಜಿಬಿಗಿಂತ ದೊಡ್ಡ ಫೈಲ್ ಒಳಗೆ ಹೋಗುವುದಿಲ್ಲ. ಅದರಲ್ಲಿರುವುದನ್ನು ಬೇರೆಡೆ ಇಟ್ಟುಕೊಂಡು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಟಿವಿ ಅದನ್ನು ಓದದಿದ್ದರೆ ಎಫ್‌ಎಟಿ32ರಲ್ಲೇ ಗಂಟೆಗೊಂದು ತುಂಡು ಮಾಡಿ ಹಾಕಿ.

ನೆಂಟರಿಗೆ ವಾಟ್ಸಾಪಿನಲ್ಲಿ ಕಳಿಸುವುದಾದರೆ ಧಾರೆ ಎರೆಯುವಂಥ ಭಾಗವನ್ನಷ್ಟೇ ಕತ್ತರಿಸಿ, ವಿಡಿಯೋ ಬದಲು ಡಾಕ್ಯುಮೆಂಟ್ ಎಂದು ಕಳಿಸಿ. ಇಲ್ಲವಾದರೆ ಅದು ಇನ್ನೊಮ್ಮೆ ಹಿಂಡಿ ಮುಖಗಳನ್ನೇ ಮಸುಕು ಮಾಡುತ್ತದೆ.